ಏಜಿಂಗ್ ಔಟ್ ಅಂದರೇನು?

ಏಜಿಂಗ್ ಔಟ್ ಅಂದರೆ ವಯಸ್ಸು ದಾಟಿತೆಂದು ಆಸರೆ ತಪ್ಪುವುದು. ಸರ್ಕಾರದ ಆರೈಕೆಯಲ್ಲಿ ಬೆಳೆದ ಹುಡುಗ ಹುಡುಗಿಯರ ಬಗ್ಗೆ ಹೇಳುವ ಮಾತು ಇದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಆ ವಯಸ್ಸು 19. ಹುಟ್ಟುಹಬ್ಬ ಬಂತು ಅಂದರೆ ಅಲ್ಲಿಯವರೆಗೆ ಅಪ್ಪ ಅಮ್ಮನ ಜಾಗದಲ್ಲಿದ್ದ ಸರ್ಕಾರದ ಪೋಷಕತ್ವ ಕಾನೂನಿನ ಪ್ರಕಾರ ಮುಗಿಯಿತು. ನಮ್ಮಲ್ಲೂ 18 ತುಂಬಿದವರು ಬಾಲಮಂದಿರ ಬಿಡಬೇಕಾಗುತ್ತದೆ, ಅಲ್ವಾ? ಹೆಚ್ಚುಕಡಿಮೆ ಅದೇ ಗಳಿಗೆ.

ಫಾಸ್ಟರ್ ಕೇರ್ ಅಂದರೆ ಸರ್ಕಾರ ಮಗುವನ್ನು ಬೇರೆಯವರ ಮನೆಯಲ್ಲಿ ತಾತ್ಕಾಲಿಕವಾಗಿ ಇರಿಸುವುದು, ದತ್ತು ಅಲ್ಲ. ದತ್ತು ಹೋದ ಮಗುವಿಗೆ ಹೊಸ ಅಪ್ಪ ಅಮ್ಮ ಸಿಗುತ್ತಾರೆ, ಸಂಬಂಧ ಕೊನೆತನಕ ಇರುತ್ತದೆ. ಫಾಸ್ಟರ್ ಮನೆ ಹಾಗಲ್ಲ, ಇವತ್ತು ಇದ್ದದ್ದು ಆರು ತಿಂಗಳಿಗೆ ಬದಲಾಗಬಹುದು. ಬಟ್ಟೆಬರೆಯನ್ನು ಕಪ್ಪು ಕಸದ ಚೀಲಕ್ಕೆ ತುಂಬಿಕೊಂಡು ಮನೆಯಿಂದ ಮನೆಗೆ ಹೋದ ನೆನಪನ್ನು ಹೀಗೆ ಬೆಳೆದ ಎಷ್ಟೋ ಜನ ಹೇಳಿಕೊಂಡಿದ್ದಾರೆ.

ಈ ಮಾತು ಅಲ್ಲಿನ ಮೂಲನಿವಾಸಿ ಮಕ್ಕಳಿಗೆ ಯಾಕೆ ಜಾಸ್ತಿ ತಗಲುತ್ತದೆ ಅನ್ನುವುದಕ್ಕೆ 2021ರ ಜನಗಣತಿ ಸಾಕು. ಕೆನಡಾದಲ್ಲಿ 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7. ಫಾಸ್ಟರ್ ಮನೆಗಳಲ್ಲಿರುವ ಅದೇ ವಯಸ್ಸಿನ ಮಕ್ಕಳಲ್ಲಿ ಶೇ. 53.8! ಇದು ತಾನಾಗಿ ಆದದ್ದಲ್ಲ. 1,50,000ಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ಎಳೆದು ವಸತಿ ಶಾಲೆಗಳಿಗೆ ಹಾಕಿದ ದೇಶ ಅದು. ತಾಯಿಭಾಷೆ ಆಡಿದರೆ ಅಲ್ಲಿ ಶಿಕ್ಷೆ ಆಗುತ್ತಿತ್ತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಶಾಲೆ ಅನ್ನುವ ಪದ ಕೇಳಿದರೇ ಅಜ್ಜಿ ಸುಮ್ಮನಾಗಿಬಿಡುವ ಮನೆಗಳ ಮಕ್ಕಳು ಇವರು.

ಏಜಿಂಗ್ ಔಟ್ ಒಂದು ದಿನದ ಸಂಗತಿ ಅನ್ನಿಸಬಹುದು. ಆದರೆ 19ರ ದಿನ ಕೈಯಲ್ಲಿ ಏನಿರುತ್ತದೆ ಅನ್ನುವುದು ಹಿಂದಿನ ವರ್ಷಗಳಲ್ಲೇ ತೀರ್ಮಾನ ಆಗಿರುತ್ತದೆ. ನಡು ವರ್ಷದಲ್ಲಿ ಊರು ಬದಲಾದ ಮಗುವನ್ನು ನೆನೆಸಿಕೊಳ್ಳಿ. ಹಳೇ ಶಾಲೆಯಲ್ಲಿ ಭಿನ್ನರಾಶಿ ಇನ್ನೂ ಶುರುವಾಗಿರಲಿಲ್ಲ, ಹೊಸ ಶಾಲೆಯಲ್ಲಿ ಆಗಲೇ ಮುಗಿದಿದೆ. ಆ ಪಾಠ ಹೋಯಿತು. ಪ್ರವಾಸದ ಚೀಟಿಯಲ್ಲಿ 'ಪೋಷಕರ ಸಹಿ' ಅಂತ ಒಂದು ಗೆರೆ. ಯಾರು ಹಾಕಬೇಕು? ಬಸ್ಸು ಹೊರಡುವ ದಿನ ಬಂದರೂ ಆ ಗೆರೆ ಖಾಲಿ.

ಇನ್ನೊಂದು ವಿಷಯ ನನಗೆ ತುಂಬಾ ನೋವು ಕೊಡುತ್ತದೆ. ಆ ಪ್ರಾಂತ್ಯದಲ್ಲಿ ಪ್ರೌಢಶಾಲೆ ಪಾಸಾದವರಿಗೆ ಸಿಗುವುದು ಡಾಗ್‌ವುಡ್ ಡಿಪ್ಲೊಮಾ. ಎವರ್‌ಗ್ರೀನ್ ಅಂತ ಇನ್ನೊಂದು ಪ್ರಮಾಣಪತ್ರ ಇದೆ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಮಾಡಿದ್ದು, ಪಾಸಾದ ಲೆಕ್ಕಕ್ಕೆ ಬರುವುದಿಲ್ಲ. ಓದಿನಲ್ಲಿ ಹಿಂದೆ ಬಿದ್ದ ಮೂಲನಿವಾಸಿ ಮಕ್ಕಳನ್ನು ಈ ದಾರಿಗೆ ತಳ್ಳಿದ ದೂರು ಹಳೆಯದು. ಮಗುವಿನ ಪರ ಶಾಲೆಗೆ ಹೋಗಿ 'ಇದು ಯಾಕೆ?' ಅಂತ ಕೇಳುವವರು ಯಾರೂ ಇರಲಿಲ್ಲ ಅನ್ನುವುದೇ ಇದರ ಬೇರು.

2020ರಲ್ಲಿ ಜಾರಿಗೆ ಬಂದ ಒಂದು ಕಾಯ್ದೆ ಇಲ್ಲಿ ನೆರವಾಗುತ್ತದೆ. ಮೂಲನಿವಾಸಿ ಮಗುವನ್ನು ಎಲ್ಲಿ ಬಿಡಬೇಕು ಅನ್ನುವಾಗ ಮೊದಲು ಅಪ್ಪ ಅಮ್ಮ, ಆಮೇಲೆ ಅಜ್ಜಿ, ಚಿಕ್ಕಮ್ಮನಂಥ ಸ್ವಂತದವರು, ನಂತರ ಅದೇ ಸಮುದಾಯದವರು ಅಂತ ಅದು ಸಾಲು ಹಾಕಿದೆ. ಸ್ವಂತದವರ ಮನೆಯಲ್ಲಿದ್ದ ಮಗುವಿಗೆ ಹುಟ್ಟುಹಬ್ಬದ ಮಾರನೇ ದಿನವೂ ಮನೆ ಇರುತ್ತದೆ.

ಕಾಲೇಜಿನ ಕಡೆಯೂ ಬದಲಾವಣೆ ಬಂದಿದೆ. ಫಾಸ್ಟರ್ ಮನೆಗಳಲ್ಲಿ ಬೆಳೆದವರಿಗೆ ಫೀಸ್ ಬೇಡ ಅಂತ ಆ ಪ್ರಾಂತ್ಯದಲ್ಲಿ ಮೊದಲು ಹೇಳಿದ್ದು ವ್ಯಾಂಕೂವರ್ ಐಲೆಂಡ್ ವಿಶ್ವವಿದ್ಯಾಲಯ, 2013ರಲ್ಲಿ. 2017ರಲ್ಲಿ ಸರ್ಕಾರ ಎಲ್ಲ ಸಾರ್ವಜನಿಕ ಕಾಲೇಜುಗಳಿಗೂ ಇದನ್ನು ತಂದಿತು, ಆದರೆ 26 ವರ್ಷದವರೆಗೆ ಮಾತ್ರ. 2023ರಲ್ಲಿ ಆ ಮಿತಿಯನ್ನೂ ತೆಗೆದರು. ಇದು ದೊಡ್ಡ ಮಾತು. ಹತ್ತೊಂಬತ್ತಕ್ಕೆ ಬಾಡಿಗೆ ಕಟ್ಟಲು ಓಡಿದವರು ಪುಸ್ತಕ ಹಿಡಿಯುವಷ್ಟು ಉಸಿರು ತೆಗೆದುಕೊಳ್ಳಲು ವರ್ಷಗಳೇ ಬೇಕು. ಮೂವತ್ತೈದರ ತಾಯಿಯೂ ಈಗ ಅರ್ಜಿ ಹಾಕಬಹುದು.

ಫೀಸ್ ಮಾಫಿ ಆದರೂ ಕ್ರಿಸ್‌ಮಸ್ ರಜೆಗೆ ಹಾಸ್ಟೆಲ್ ಮುಚ್ಚಿದಾಗ ಎಲ್ಲಿಗೆ ಹೋಗಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೇ ಅದೇ ವಿಶ್ವವಿದ್ಯಾಲಯದಲ್ಲಿ ಮೂಲನಿವಾಸಿ ಸಮುದಾಯದ ಹಿರಿಯರು ಕ್ಯಾಂಪಸ್‌ನಲ್ಲೇ ಇರುವ ಏರ್ಪಾಡು ನನಗೆ ಫೀಸ್ ಮಾಫಿಯಷ್ಟೇ ಮುಖ್ಯ ಅನ್ನಿಸುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಹೋಗಿ ಕೂರಲು ಒಂದು ಕೋಣೆ ಇದೆ. ಒಳಗೆ ಅಜ್ಜಿಯ ವಯಸ್ಸಿನ ಒಬ್ಬರು ಇದ್ದಾರೆ.