ಹಿಮವಿಲ್ಲದ ಊರಿನ ವಿದ್ಯಾರ್ಥಿಗಳು ಕಟ್ಟಿದ ಆಟ

ಆಕ್ಸ್‌ಫರ್ಡ್‌ನಲ್ಲಿ ಹಿಮದ ಬೆಟ್ಟ ಇಲ್ಲ. ಕೇಂಬ್ರಿಜ್ ಅಂತೂ ನಮ್ಮ ದಾವಣಗೆರೆಯ ಹಾಗೆ ಬಯಲು. ಆದರೂ 1922ರಲ್ಲಿ ಈ ಎರಡೂ ವಿಶ್ವವಿದ್ಯಾಲಯಗಳ ಹುಡುಗರು ಸ್ವಿಟ್ಜರ್ಲೆಂಡಿನ ವೆಂಗೆನ್‌ಗೆ ಹೋಗಿ, ಹಿಮದ ಇಳಿಜಾರಿನಲ್ಲಿ ಒಬ್ಬರ ಮೇಲೊಬ್ಬರು ಪೈಪೋಟಿ ಮಾಡಿದರು. ದಾವಣಗೆರೆ ವಿಶ್ವವಿದ್ಯಾಲಯದ ಮಕ್ಕಳಿಗೂ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ, ನಾನು ಮೊದಲು ಹೇಳುವುದು ಈ ಸಂಗತಿಯನ್ನೇ.

ಆಗ ಸ್ಕೀಯಿಂಗ್ ಅಂದರೆ ನಾರ್ವೆ, ಸ್ವೀಡನ್ನಿನವರ ಆಟ. ಹಿಮದ ಮೇಲೆ ಮೈಲಿಗಟ್ಟಲೆ ಓಡುವುದು, ಎತ್ತರದಿಂದ ಜಿಗಿಯುವುದು. ಬರೀ ಇಳಿಯುವುದನ್ನು ಅವರು ಒಂದು ಸ್ಪರ್ಧೆ ಅಂತಲೇ ಒಪ್ಪಿರಲಿಲ್ಲ. ಆ ಮಾತಿಗೆ ಎದುರು ನಿಂತವರು ಆರ್ನಾಲ್ಡ್ ಲನ್. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿದವರು. ಹುಟ್ಟಿದ್ದು ಮಾತ್ರ 1888ರಲ್ಲಿ ನಮ್ಮ ಪಕ್ಕದ ಮದ್ರಾಸಿನಲ್ಲಿ! ಅವರ ತಂದೆ ಅಲ್ಲಿ ಮಿಷನರಿ ಆಗಿದ್ದರು. 1922ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಲನ್ ಜೋಡಿ ಬಾವುಟಗಳನ್ನು ನೆಟ್ಟು, ಅವುಗಳ ನಡುವೆ ಬೇಗ ಇಳಿದವನೇ ಗೆದ್ದ ಅಂದರು. ಅದಕ್ಕೆ ಮುಂಚೆ ತಿರುವು ಎಷ್ಟು ಚೆಂದ ಬಂತು ಅಂತ ಅಂಕ ಕೊಡುತ್ತಿದ್ದರು. ಇಂದಿನ ಸ್ಲಾಲಮ್ ಶುರುವಾದದ್ದು ಹೀಗೆ.

ಈ ಹೊಸ ಆಟವನ್ನು ಹೊತ್ತು ನಡೆದವರು ಹೆಚ್ಚಾಗಿ ವಿದ್ಯಾರ್ಥಿಗಳು. 1924ರಲ್ಲಿ ವಾಲ್ಟರ್ ಆಮ್‌ಸ್ಟುಟ್ಸ್ ಮತ್ತು ಗೆಳೆಯರು ಸ್ವಿಸ್ ವಿದ್ಯಾರ್ಥಿಗಳ ಸ್ಕೀ ಕ್ಲಬ್ ಕಟ್ಟಿದರು. ಮರುವರ್ಷವೇ ಬ್ರಿಟಿಷ್ ಮತ್ತು ಸ್ವಿಸ್ ವಿಶ್ವವಿದ್ಯಾಲಯಗಳ ನಡುವೆ ಪಂದ್ಯ ನಡೆಯಿತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲೂ ಅದೇ ಹೊತ್ತಿಗೆ ಹುಡುಗರು ಬಾವುಟ ನೆಡತೊಡಗಿದ್ದರು. ಆಲ್ಪೈನ್ ಸ್ಕೀಯಿಂಗಿನ, ಅಂದರೆ ಈ ಇಳಿಯುವ ಆಟದ, ಮೊದಲ ವಿಶ್ವ ಚಾಂಪಿಯನ್‌ಷಿಪ್ ಆದದ್ದು 1931ರಲ್ಲಿ. ಒಲಿಂಪಿಕ್ಸ್ ಇದನ್ನು ಒಳಗೆ ಬಿಟ್ಟುಕೊಂಡದ್ದು 1936ರಲ್ಲಿ. ಅಷ್ಟರಲ್ಲಿ ಕಾಲೇಜು ಹುಡುಗರು ಹತ್ತು ವರ್ಷಕ್ಕೂ ಜಾಸ್ತಿ ಕಾಲ ಪೈಪೋಟಿ ನಡೆಸಿ ಆಗಿತ್ತು.

ವಿದ್ಯಾರ್ಥಿಗಳಿಗೇ ಅಂತ ಅಂತರರಾಷ್ಟ್ರೀಯ ಕ್ರೀಡಾಕೂಟ ಶುರುಮಾಡಿದವರು ಫ್ರಾನ್ಸಿನ ಜೀನ್ ಪೆಟಿಜೀನ್. 1923ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಕೂಟ. 1928ರಲ್ಲಿ ಇಟಲಿಯ ಕೊರ್ಟಿನಾದಲ್ಲಿ ಮೊದಲ ಚಳಿಗಾಲದ ಕೂಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿದ್ಯಾರ್ಥಿ ಜಗತ್ತೂ ಎರಡು ಹೋಳಾಯಿತು. ಸೋವಿಯತ್ ಕಡೆಯವರದು ಒಂದು ಕೂಟ, ಪಶ್ಚಿಮದವರದು ಇನ್ನೊಂದು. ಪಶ್ಚಿಮದವರು 1949ರಲ್ಲಿ ಫಿಸು ಅನ್ನೋ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಕ್ರೀಡಾ ಸಂಸ್ಥೆ ಕಟ್ಟಿಕೊಂಡರು. ಎರಡೂ ಕಡೆಯವರನ್ನು ಒಂದೇ ಮೈದಾನಕ್ಕೆ ತಂದದ್ದು 1957ರ ಪ್ಯಾರಿಸ್ ಕೂಟ ಮತ್ತು 1959ರ ಟ್ಯುರಿನ್ ಕೂಟ. ಟ್ಯುರಿನ್‌ನಲ್ಲಿ ಇಟಲಿಯ ಕ್ರೀಡಾ ಸಂಘಟಕ ಪ್ರಿಮೊ ನೆಬಿಯೊಲೊ ಮುಂದಾಳತ್ವ ವಹಿಸಿದ್ದರು. ಈ ವಿದ್ಯಾರ್ಥಿ ಕೂಟಕ್ಕೆ ಯೂನಿವರ್ಸಿಯಾಡ್ ಅನ್ನೋ ಹೆಸರು ಬಂದದ್ದು ಆಗಲೇ. ಪದಕ ಕೊಡುವಾಗ ಗೆದ್ದವರ ರಾಷ್ಟ್ರಗೀತೆಯ ಬದಲು ಗೌಡಿಯಾಮಸ್ ಅನ್ನೋ ಹಳೇ ವಿದ್ಯಾರ್ಥಿ ಗೀತೆ ನುಡಿಸಿದರು. ಆ ದಿನಗಳಲ್ಲಿ ಅದು ಸುಮ್ನೆ ಮಾಡಿದ್ದಲ್ಲ. ಮಾಸ್ಕೋದ ಹುಡುಗನೂ ಮಿಲಾನಿನ ಹುಡುಗನೂ ಒಂದೇ ಹಾಡಿಗೆ ಎದ್ದು ನಿಲ್ಲಬೇಕಿತ್ತು.

ಮೊದಲ ಚಳಿಗಾಲದ ಯೂನಿವರ್ಸಿಯಾಡ್ 1960ರಲ್ಲಿ, ಫ್ರಾನ್ಸಿನ ಷಾಮನಿಯಲ್ಲಿ. ಬಂದದ್ದು 16 ದೇಶ. 2023ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್ ಕೂಟದ ಹೊತ್ತಿಗೆ 40ಕ್ಕೂ ಜಾಸ್ತಿ. ನಡುವೆ ಎಡವಿದ್ದೂ ಉಂಟು. 2013ರ ಕೂಟವನ್ನು ಸ್ಲೊವೇನಿಯಾದ ಮಾರಿಬೋರ್ ದುಡ್ಡಿಲ್ಲದೆ ಕೈಬಿಟ್ಟಿತು, ಇಟಲಿಯ ಟ್ರೆಂಟಿನೊ ಎತ್ತಿಕೊಂಡಿತು. ಸ್ವಿಟ್ಜರ್ಲೆಂಡಿನ ಲುಸರ್ನ್ ಕೂಟ ಕೊರೋನಾ ಕಾರಣಕ್ಕೆ ಮೊದಲು ಮುಂದಕ್ಕೆ ಹೋಯಿತು. ಕೊನೆಗೆ ಶುರುವಾಗಲು ಕೆಲವೇ ದಿನ ಇದ್ದಾಗ, 2021ರ ನವೆಂಬರಿನಲ್ಲಿ, ರದ್ದಾಯಿತು. ವಯಸ್ಸಿನ ಮಿತಿ ಇರುವ ಕೂಟ ಇದು, ಈಗ 25ಕ್ಕೆ ಮುಗಿಯುತ್ತದೆ. ಒಂದು ಕೂಟ ತಪ್ಪಿದರೆ ಕೆಲವರಿಗೆ ಇನ್ನೊಂದು ಸಿಗುವುದೇ ಇಲ್ಲ.

ಇನ್ನು ಪಂದ್ಯದ ಒಳಗುಟ್ಟು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸ್ಲಾಲಮ್‌ನಲ್ಲಿ ಬಾವುಟ ಹತ್ತಿರ ಹತ್ತಿರ, ಹಾಗಾಗಿ ಸ್ಕೀ ಗಿಡ್ಡ, ಗಂಡಸರಿಗೆ ಕನಿಷ್ಠ 165 ಸೆಂಟಿಮೀಟರ್. ಜೈಂಟ್ ಸ್ಲಾಲಮ್‌ನಲ್ಲಿ ತಿರುವು ದೊಡ್ಡದು, ಸ್ಕೀ ಕನಿಷ್ಠ 193. ಇನ್ನೂ ವೇಗದ ಸೂಪರ್ ಜಿ ಪಂದ್ಯಕ್ಕೆ ಬೇರೆಯೇ ಜೋಡಿ. ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್‌ನಲ್ಲಿ ಎರಡು ಸಲ ಇಳಿದು, ಎರಡೂ ಸಮಯ ಕೂಡಿಸುತ್ತಾರೆ. ಎರಡನೇ ಸಲಕ್ಕೆ ಬಾವುಟಗಳ ಜಾಗ ಬದಲು. ಆ ದಾರಿಯಲ್ಲಿ ಅಭ್ಯಾಸಕ್ಕೆ ಅವಕಾಶ ಇಲ್ಲ. ಪಕ್ಕದಲ್ಲಿ ಮೆಲ್ಲಗೆ ಜಾರುತ್ತ ನೋಡಿಕೊಂಡು, ಪ್ರತಿ ತಿರುವನ್ನೂ ಬಾಯಿಪಾಠ ಮಾಡಿಕೊಳ್ಳಬೇಕು.

ಯಾರು ಮೊದಲು ಇಳಿಯಬೇಕು ಅನ್ನೋದನ್ನು ಫಿಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ಕೊಡುವ ಅಂಕಗಳು ತೀರ್ಮಾನಿಸುತ್ತವೆ. ಇಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಹೊಸಬರ ಲೆಕ್ಕ 999.99ರಿಂದ ಶುರು. ಅಂಕ ಇಳಿಸಬೇಕಾದರೆ ಪಂದ್ಯ ಆಡಬೇಕು. ಆಡಬೇಕಾದರೆ ಊರೂರು ಸುತ್ತಬೇಕು. ಅಂಕ ಜಾಸ್ತಿ ಇದ್ದವರು ಕೊನೆಯಲ್ಲಿ ಇಳಿಯುತ್ತಾರೆ. ಆ ಹೊತ್ತಿಗೆ ಮುಂದೆ ಹೋದವರ ಸ್ಕೀಗಳು ಹಿಮದಲ್ಲಿ ಗುಂಡಿ ತೋಡಿರುತ್ತವೆ, ಮಳೆಗಾಲದ ಗಾಡಿ ದಾರಿಯ ಹಾಗೆ. ಬಡದೇಶದ ವಿದ್ಯಾರ್ಥಿಗೆ ಕೆಟ್ಟ ದಾರಿಯೇ ಸಿಗುವುದು ಹೀಗೆ. ವಿಶ್ವವಿದ್ಯಾಲಯ ಕೂಟದಲ್ಲೂ ಈ ಅಂಕ ಸಿಗುತ್ತದೆ. ಅದಕ್ಕೇ ಈ ಕೂಟ ನನಗೆ ಮುಖ್ಯ ಅನ್ನಿಸುವುದು.

ಭಾರತದಲ್ಲಿ ಈ ಆಟಕ್ಕೆ ಬಂದವರನ್ನು ನೋಡಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾಗಿ ಮುಗಿಸಿದ ಆರಿಫ್ ಖಾನ್ ಗುಲ್ಮಾರ್ಗ್ ಕಡೆಯವರು. 2018ರಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಕಂಚು ಗೆದ್ದ ಆಂಚಲ್ ಠಾಕೂರ್ ಮನಾಲಿಯವರು. ಎರ್ಜುರುಮ್ 2011ರಲ್ಲಿ ಯೂನಿವರ್ಸಿಯಾಡ್ ನಡೆಸಿದ ಊರು. ಇಬ್ಬರೂ ಹಿಮದ ಪಕ್ಕದಲ್ಲೇ ಬೆಳೆದವರು. ಇವರ ನಡುವೆ ನನಗೆ ಧೈರ್ಯ ಕೊಡುವ ಹೆಸರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಅವರದು ಇಳಿಯುವ ಆಟ ಅಲ್ಲ, ಹಿಮದ ಮೇಲಿನ ಓಟ. ಆದರೆ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮ ಬೀಳದ ರಾಜ್ಯದಿಂದ!

2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕಾಲೇಜುಗಳು ಸೇರುತ್ತವೆ. ಕುಸ್ತಿಯಲ್ಲಿ ತೊಡೆ ಗಟ್ಟಿಯಾದ ಹುಡುಗರು ನಮ್ಮಲ್ಲಿದ್ದಾರೆ. ದುರ್ಗದ ಬಂಡೆ ಮೇಲೆ ಹೆದರದೆ ಹತ್ತಿ ಇಳಿಯುವ ಮಕ್ಕಳಿದ್ದಾರೆ. ಚನ್ನಗಿರಿ ತೋಟಗಳಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಬೆಳೆದವನು ನಾನೂ ಹೌದು. ಜಾರುವಾಗ ಮೈ ಹೇಗೆ ಬಾಗಬೇಕು ಅಂತ ಕಲಿಸಿದ್ದು ಆ ಹಾಳೆ.

ಆಕ್ಸ್‌ಫರ್ಡ್ ಹುಡುಗರಿಗೆ ಇದ್ದದ್ದು ಎರಡು: ಅಪ್ಪನ ದುಡ್ಡು ಮತ್ತು ಉದ್ದನೆಯ ಚಳಿಗಾಲದ ರಜೆ. ದುಡ್ಡಿನ ಮಾತು ದೊಡ್ಡದು, ಒಂದು ಕಾಲೇಜಿನಿಂದ ಆಗುವಂಥದ್ದಲ್ಲ. ರಜೆ ಹಾಗಲ್ಲ ಅಲ್ವಾ? ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಸುವ ಸರ್ಕಾರಿ ಸಂಸ್ಥೆ ಇದೆ. 2025ರ ಜೂನ್‌ನಿಂದ ಜಮ್ಮುವಿನ ಕಟ್ರಾದಿಂದ ಶ್ರೀನಗರಕ್ಕೆ ರೈಲೂ ಇದೆ. ಕಲಿಯಲು ಹಿಮ ಇರುವುದು ಜನವರಿಯಿಂದ ಮಾರ್ಚ್‌ವರೆಗೆ. ಅದೂ ಈಗ ನೆಚ್ಚುವ ಹಾಗಿಲ್ಲ, 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಕೂಟದ ಗುಲ್ಮಾರ್ಗ್ ಹಂತವನ್ನೇ ಮಾರ್ಚ್‌ಗೆ ದೂಡಿದರು. ನಾನು ಡಿಗ್ರಿ ಓದುವಾಗ ಪರ್ವತಾರೋಹಣ ಶಿಬಿರಕ್ಕೆ ಹೋಗಿ ಬಂದೆ. ಹದಿನೈದು ದಿನದ ಹಾಜರಾತಿ ಹೋಯಿತು, ತಪ್ಪಿದ ಇಂಟರ್ನಲ್ಸ್ ಮತ್ತೆ ಬರೆಯಲು ಬಿಡಲಿಲ್ಲ. ಮುಂದಿನ ವರ್ಷ ನಾನು ಹೋಗಲಿಲ್ಲ.

2027ರ ಚಳಿಗಾಲದ ಕೂಟ ಚೀನಾದ ಚಾಂಗ್‌ಚುನ್‌ನಲ್ಲಿ. ಅದಕ್ಕೆ ನಮ್ಮವರು ತಯಾರಾಗಲಾರರು, ನನಗೂ ಗೊತ್ತು. ಅದರಾಚೆಯ ಕೂಟಗಳಿಗಾದರೂ, ವಿಶ್ವವಿದ್ಯಾಲಯದವರೇ, ಗುಲ್ಮಾರ್ಗ್‌ಗೆ ಕಲಿಯಲು ಹೋದ ವಿದ್ಯಾರ್ಥಿಗೆ ಆ ದಿನಗಳ ಹಾಜರಾತಿ ಕೊಡಿ, ಇಂಟರ್ನಲ್ಸ್ ಬಂದ ಮೇಲೆ ಬರೆಯಲು ಬಿಡಿ. ಸದ್ಯಕ್ಕೆ ನಾನು ಕೇಳುತ್ತಿರುವುದು ಇಷ್ಟನ್ನೇ.