ಟೀಸಿ ಇಲ್ಲದೆ ಬಂದ ಮಗು ಎಲ್ಲಿ ಕೂರಬೇಕು?

ಓದುಗರ ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಪ್ರತಿ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಅಸ್ಸಾಂ ಕಡೆಯ ಕೂಲಿಕಾರರ ನಾಲ್ಕೈದು ಮಕ್ಕಳು ಬರುತ್ತಾರೆ. ಟೀಸಿ ಇರುವುದಿಲ್ಲ, ಕನ್ನಡವೂ ಬರುವುದಿಲ್ಲ. ನಾವು ಯಾರಿಗೂ ಭೇದ ಮಾಡಿಲ್ಲ. ಎಲ್ಲರಿಗೂ ಒಂದೇ ಪಾಠ, ಒಂದೇ ಊಟ. ಆದರೂ ಹದಿನೈದು ದಿನಕ್ಕೆ ಅವರು ಶಾಲೆ ಬಿಡುತ್ತಾರೆ. ಇನ್ನೇನು ಮಾಡಬೇಕು?

ಉತ್ತರ: ಭೇದ ಮಾಡಿಲ್ಲ ಎಂಬ ನಿಮ್ಮ ಮಾತನ್ನು ನಂಬುತ್ತೇನೆ. ತೊಡಕಿರುವುದು ‘ಎಲ್ಲರಿಗೂ ಒಂದೇ’ ಎಂಬಲ್ಲಿ. ಕನ್ನಡ ಬಲ್ಲ ಮಗುವಿಗೂ ಬಾರದ ಮಗುವಿಗೂ ಒಂದೇ ಪಾಠವನ್ನು ಒಂದೇ ಓಟದಲ್ಲಿ ಹೇಳಿದರೆ ಒಬ್ಬರಿಗೆ ಪಾಠ ಸಿಗುತ್ತದೆ, ಇನ್ನೊಬ್ಬರಿಗೆ ಬರೀ ಸದ್ದು. ದಿನಕ್ಕೆ ಐದಾರು ಗಂಟೆ ಸದ್ದು ಕೇಳುತ್ತಾ ಯಾವ ಮಗು ತಾನೇ ಕೂತೀತು?

ಟೀಸಿಯ ವಿಷಯ ಮೊದಲು ಮುಗಿಸೋಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಸ್ಪಷ್ಟವಾಗಿದೆ. ಟೀಸಿ ತರಲಿಲ್ಲ, ವಯಸ್ಸಿನ ದಾಖಲೆ ಇಲ್ಲ, ವರ್ಷದ ನಡುವೆ ಬಂತು ಎಂಬ ಯಾವ ಕಾರಣಕ್ಕೂ ಮಗುವನ್ನು ವಾಪಸು ಕಳಿಸುವಂತಿಲ್ಲ. 4ನೇ ಸೆಕ್ಷನ್ ಪ್ರಕಾರ, ಶಾಲೆಯನ್ನೇ ಕಾಣದ ಅಥವಾ ನಡುವೆ ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹತ್ತು ವರ್ಷದ ಹುಡುಗಿಯನ್ನು ಒಂದನೇ ತರಗತಿಯ ಪುಟಾಣಿಗಳ ಜೊತೆ ಕೂರಿಸಿದರೆ ಅವಳು ಮುಖ ಎತ್ತದಂತಾಗುತ್ತದೆ. ಹಿಂದುಳಿದದ್ದನ್ನು ತುಂಬಿಕೊಡಲು ವಿಶೇಷ ತರಬೇತಿ ಇದೆ. ಕೇಂದ್ರದ ಮಾದರಿ ನಿಯಮಗಳಲ್ಲಿ ಅದರ ಅವಧಿ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ.

ಸೇರಿಸಿಕೊಂಡ ಮೇಲಿನದೇ ನಿಜವಾದ ಕೆಲಸ. ನಾನು ಸಕಲೇಶಪುರದ ಕಡೆ ಬಹಳ ವರ್ಷ ಮೇಷ್ಟ್ರಾಗಿದ್ದವನು. ಒಮ್ಮೆ ಇಂಥದೇ ಒಬ್ಬ ಹುಡುಗ ಬಂದ. ದಾಖಲಾತಿ ಆಗಲಿ ಎಂದು ಹತ್ತು ದಿನ ಅವನ ಹೆಸರನ್ನು ಹಾಜರಿಯಲ್ಲಿ ಕೂಗಲೇ ಇಲ್ಲ. ಮಕ್ಕಳು ಅವನನ್ನು ‘ಅಸ್ಸಾಂ’ ಎಂದು ಕರೆಯುತ್ತಿದ್ದರು, ನಾನು ತಡೆಯಲಿಲ್ಲ. ಅವನು ಮಾತ್ರ ದಿನಾ ಹಾಜರಿ ಮುಗಿಯುವ ತನಕ ನನ್ನ ಬಾಯಿಯನ್ನೇ ನೋಡುತ್ತಿದ್ದ. ಕೊನೆಗೊಂದು ದಿನ ಕೂಗಿದಾಗ ‘ಎಸ್ ಸಾರ್’ ಎಂದ ಅವನ ದನಿ ಪಕ್ಕದ ಕೋಣೆಗೂ ಕೇಳಿತ್ತು. ಆ ಹತ್ತು ದಿನ ಅವನಿಗೆ ನಾನು ಮಾಡಿದ್ದು ಅನ್ಯಾಯ. ಆದ್ದರಿಂದ ಹೇಳುತ್ತೇನೆ, ದಾಖಲಾತಿ ಎಷ್ಟು ದಿನವಾದರೂ ಹಿಡಿಯಲಿ, ಹೆಸರನ್ನು ಬಂದ ದಿನವೇ ಕೇಳಿ, ಅವರು ಉಚ್ಚರಿಸಿದಂತೆಯೇ ಕೂಗಿ. ‘ಅಸ್ಸಾಂ’, ‘ಲೈನಿನವನು’ (ಲೈನ್ ಎಂದರೆ ತೋಟದ ಕೂಲಿಕಾರರ ಮನೆಗಳ ಸಾಲು) ಎಂಬ ಕರೆಗಳು ಶಾಲೆಯ ಗೇಟಿನಾಚೆಯೇ ನಿಲ್ಲಲಿ.

ಇನ್ನು ಭಾಷೆ. ಈ ಮಕ್ಕಳು ಬರಿಗೈಲಿ ಬಂದವರಲ್ಲ. ಅಸ್ಸಾಮಿಯಲ್ಲೋ ಬಂಗಾಳಿಯಲ್ಲೋ ಸ್ವಲ್ಪ ಅಕ್ಷರ ಕಲಿತು ಬಂದ ಮಗುವಿಗೆ ನಮ್ಮ ವರ್ಣಮಾಲೆಯ ಸಾಲು ಆಗಲೇ ಗೊತ್ತಿರುತ್ತದೆ. ಅಲ್ಲಿಯೂ ಕ, ಖ, ಗ, ಘ ಎಂದೇ ಕ್ರಮ, ಬೇರೆ ಇರುವುದು ಬರೆಯುವ ರೂಪ. ಅವರ ಅಕ್ಷರವನ್ನು ಅವರ ಕೈಯಲ್ಲೇ ಬರೆಸಿ, ಕೆಳಗೆ ನಮ್ಮದನ್ನು ಬರೆದು ಗೋಡೆಗೆ ಅಂಟಿಸಿ. ನಮ್ಮ ಮಕ್ಕಳು ಸುತ್ತ ನಿಂತು ಆ ಲಿಪಿಯನ್ನು ಕಲಿಸಿಕೊಡು ಎಂದು ಕೇಳುತ್ತಾರೆ. ಆ ಹತ್ತು ನಿಮಿಷ ಹೊಸ ಮಗುವೇ ಮೇಷ್ಟ್ರು. ‘ಭಾತ್’ ಎಂದರೆ ಅವರಿಗೆ ಬರೀ ಅನ್ನ, ನಮಗೆ ವಾಂಗೀಭಾತ್. ಅಂಥ ಒಂದು ಪದ ಸಿಕ್ಕರೆ ಊಟದ ಸಾಲಿನಲ್ಲಿ ಮಾತು ಶುರುವಾಗುತ್ತದೆ. ಎಡವುವ ಜಾಗವೂ ತಿಳಿದಿರಲಿ. ಅವರ ಭಾಷೆಯಲ್ಲಿ ‘ಳ’ ಇಲ್ಲ. ಮಳೆಯನ್ನು ‘ಮಲೆ’ ಎಂದಾಗ ತರಗತಿ ಗೊಳ್ಳೆಂದು ನಕ್ಕರೆ, ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ನಗು ಬರುವ ಮೊದಲೇ ಮೇಷ್ಟ್ರು ಇಡೀ ತರಗತಿಯಿಂದ ಮಳೆ, ಕೊಳೆ, ಬಾಳೆ ಎಂದು ಹೇಳಿಸಿಬಿಟ್ಟರೆ ಯಾರೂ ಒಂಟಿಯಾಗಿ ಸಿಕ್ಕಿಬೀಳುವುದಿಲ್ಲ.

ಇವರಿಂದ ನಮ್ಮ ಮಕ್ಕಳ ಪಾಠ ಹಿಂದೆ ಬೀಳುತ್ತದಲ್ಲ ಎಂದು ಊರಿನ ಕೆಲವು ತಂದೆತಾಯಂದಿರು ನಿಮ್ಮನ್ನು ಕೇಳಿಯೇ ಇರುತ್ತಾರೆ. ಅವರಿಗೆ ನಲಿ-ಕಲಿ ತರಗತಿ ತೋರಿಸಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನ ಕಾರ್ಡನ್ನು ತನ್ನ ನಡಿಗೆಯಲ್ಲೇ ಕಲಿಯುತ್ತದೆ. ಡಿಸೆಂಬರಿನಲ್ಲಿ ಬಂದ ಮಗು ಕೆಳಗಿನ ಮೆಟ್ಟಿಲಿಂದ ಶುರು ಮಾಡಿದರೆ ಮೇಲಿನ ಮೆಟ್ಟಿಲಲ್ಲಿದ್ದವರು ಕಾಯಬೇಕಿಲ್ಲ.

ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದನ್ನು ಒಂದು ವಾರ ಸುಮ್ಮನೆ ಗಮನಿಸಿ. ಲೈನಿನ ಮಕ್ಕಳು, ದಲಿತ ಕೇರಿಯ ಮಕ್ಕಳು ಸಾಲಿನ ಕೊನೆಯಲ್ಲೇ ಇದ್ದರೆ ಅದು ತಾನಾಗಿ ಆದದ್ದಲ್ಲ. ದಿನಕ್ಕೊಂದು ಕಡೆಯಿಂದ ಬಡಿಸಲಿ, ಸಾಲು ಬದಲಾಗಲಿ.

ಹದಿನೈದು ದಿನಕ್ಕೆ ಬಿಡುವುದಕ್ಕೆ ಇನ್ನೊಂದು ಕಾರಣ ಶಾಲೆಯ ಹೊರಗಿದೆ. ಅಪ್ಪ ಅಮ್ಮ ಹಣ್ಣು ಕುಯ್ಯಲು ಹೋದರೆ ಲೈನ್ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವಳು ಅದೇ ಎಂಟು ವರ್ಷದ ಅಕ್ಕ. ಅವಳು ಬರುವುದು ನಿಂತಾಗ ದಂಡಿಸಿ ಫಲವಿಲ್ಲ. ಮೂರು ದಾಟಿದ ತಮ್ಮನನ್ನು ಅಂಗನವಾಡಿಗೆ ಸೇರಿಸಿದರೆ ಅಕ್ಕ ಮರುದಿನವೇ ಬರುತ್ತಾಳೆ. ಇದಕ್ಕೆ ಅಂಗನವಾಡಿ ಟೀಚರ್ ಜೊತೆ, ತೋಟದ ಲೆಕ್ಕ, ಹಾಜರಿ ನೋಡಿಕೊಳ್ಳುವ ರೈಟರ ಜೊತೆ ಮಾತಾಡಬೇಕು. ಅದು ನಿಮ್ಮಂಥ ಸದಸ್ಯರಿಂದಲೇ ಆಗುವ ಕೆಲಸ.

ಕೇಳಲೇಬೇಕಾದ ಒಂದು ಮಾತು: ನಿಮ್ಮ ಎಸ್‌ಡಿಎಂಸಿಯಲ್ಲಿ ಲೈನ್ ಮನೆಯ ತಾಯಿ ಒಬ್ಬರಾದರೂ ಇದ್ದಾರೆಯೇ? ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು, ಹಿಂದುಳಿದವರಿಗೆ ತಕ್ಕ ಪಾಲು ಎಂದು ಕಾಯ್ದೆಯೇ ಹೇಳುತ್ತದೆ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಅವರಿಗೆ ಆ ದಿನದ ಕೂಲಿ ಹೋಗುತ್ತದೆ. ನಮ್ಮ ಕಡೆ ಎಷ್ಟೋ ತೋಟಗಳಿಗೆ ವಾರದ ರಜೆ ಸಂತೆಯ ದಿನ. ಸಂತೆ ಮುಗಿಸಿ ಬರುವ ಹೊತ್ತಿಗೆ ಸಭೆ ಇಟ್ಟು ನೋಡಿ.

ಅರೇಬಿಕಾ ಮುಗಿದು ರೊಬಸ್ಟಾವೂ ಮುಗಿಯುವ ಹೊತ್ತಿಗೆ, ಮಾರ್ಚಿನ ಸುಮಾರಿಗೆ, ಅವರು ಇನ್ನೊಂದೂರಿಗೆ ಹೊರಡುತ್ತಾರೆ. ಹೇಳದೆಯೇ ಹೋಗುವುದೂ ಉಂಟು. ಕೇಳಿದ ಕೂಡಲೇ ಟೀಸಿ ಕೊಡುವುದು ಮುಖ್ಯ ಶಿಕ್ಷಕರ ಕಾನೂನುಬದ್ಧ ಹೊಣೆ, ಆದರೆ ಕೇಳಬೇಕೆಂದೇ ಈ ಪೋಷಕರಿಗೆ ತಿಳಿದಿರುವುದಿಲ್ಲ. ಕುಯ್ಲು ಯಾವಾಗ ಮುಗಿಯುತ್ತದೆಂದು ಫೆಬ್ರವರಿಯಲ್ಲೇ ರೈಟರನ್ನು ವಿಚಾರಿಸಿಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಟೀಸಿಯನ್ನೂ, ಅಷ್ಟು ದಿನ ಬರೆದ ನೋಟ್‌ಬುಕ್ಕನ್ನೂ ತಾಯಿಯ ಕೈಗೆ ಕೊಡಿ, ಮುಂದಿನ ಕುಯ್ಲಿಗೆ ಬಂದಾಗ ಮಗುವನ್ನು ನೇರ ಇಲ್ಲಿಗೇ ಕರೆತನ್ನಿ ಎಂದು ಹೇಳಿ.