ತೂಕ ಇಳಿಸಲು ದಿನಕ್ಕೆ ಎಷ್ಟು ಕ್ಯಾಲೊರಿ ಕಡಿಮೆ ಮಾಡಬಹುದು?

ಪ್ರಶ್ನೆ: ನನಗೆ 34 ವರ್ಷ. ಎತ್ತರ 158 ಸೆಂ.ಮೀ., ತೂಕ 72 ಕೆ.ಜಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆ.ಜಿ. ಇಳಿಯುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ಫೋನಿನಲ್ಲಿರುವ ಆ್ಯಪ್ ದಿನಕ್ಕೆ 1,150 ಕ್ಯಾಲೊರಿ ಮಾತ್ರ ಅನ್ನುತ್ತದೆ. ಹಾಗೆ ಮಾಡಿದರೆ ಸಂಜೆ ಹೊತ್ತಿಗೆ ತಲೆ ಸುತ್ತುತ್ತದೆ, ಮಕ್ಕಳ ಮೇಲೆ ಸಿಡುಕುತ್ತೇನೆ. ಎಷ್ಟು ಕಡಿಮೆ ಮಾಡಿದರೆ ಅಪಾಯವಿಲ್ಲ? ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆಯೂ ಜೊತೆಗೆ ಶುರು ಮಾಡುತ್ತೇನೆ ಅಂತಿದ್ದಾರೆ. ಮಾಡಬಹುದಾ?

ಉತ್ತರ: ನಿಮಗೆ 500 ಜಾಸ್ತಿಯಾಯಿತು. ಊಟದಲ್ಲಿ 250ರಿಂದ 330 ಕ್ಯಾಲೊರಿ ಕಡಿಮೆ ಮಾಡಿದರೆ ಸಾಕು. ಅಂದರೆ ದಿನಕ್ಕೆ 1,350ರ ಆಸುಪಾಸು ತಿನ್ನಿ, ಇನ್ನೊಂದು 100 ನಡಿಗೆಯಲ್ಲಿ ಹೋಗಲಿ. ತಲೆ ಸುತ್ತುವುದಕ್ಕೂ ಸಿಡುಕುವುದಕ್ಕೂ ನಿಮ್ಮ ಮನಸ್ಸು ಗಟ್ಟಿಯಿಲ್ಲ ಅನ್ನುವುದು ಕಾರಣವಲ್ಲ. ನೀವು ಹಿಡಿದಿರುವ ಲೆಕ್ಕ ನಿಮ್ಮ ಮೈಗೆ ಹೊಂದುವಂಥದ್ದಲ್ಲ, ಅಷ್ಟೇ.

ಈ 500 ಎಲ್ಲರ ಬಾಯಲ್ಲೂ ಇರುವ ಸಂಖ್ಯೆ. ಆದರೆ ಅದು ಯಾರ ಖರ್ಚಿನಿಂದ ಕಳೆಯುವ 500 ಅನ್ನುವುದು ಮುಖ್ಯ. ನಾವು ಸುಮ್ನೆ ಮಲಗಿದ್ದರೂ ಹೃದಯ, ಮಿದುಳು, ಮೂತ್ರಪಿಂಡ ಎಲ್ಲ ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೆ ಬೇಕಾದ ಕ್ಯಾಲೊರಿ ಲೆಕ್ಕ ಹಾಕಲು ಮಿಫ್ಲಿನ್–ಸೇಂಟ್ ಜಿಯೋರ್ ಅನ್ನುವ ಸೂತ್ರವಿದೆ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು, ಈಗಿನ ಆ್ಯಪ್‌ಗಳಲ್ಲೂ ಬಹಳಷ್ಟು ಇದನ್ನೇ ಬಳಸುತ್ತವೆ. ಕೆ.ಜಿ.ಯಲ್ಲಿರುವ ತೂಕವನ್ನು 10ರಿಂದ ಗುಣಿಸಿ. ಸೆಂ.ಮೀ.ನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ. ಎರಡನ್ನೂ ಕೂಡಿಸಿ, ವಯಸ್ಸನ್ನು 5ರಿಂದ ಗುಣಿಸಿ ಅದರಲ್ಲಿ ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಸೇರಿಸಬೇಕು. ನಿಮ್ಮ ಲೆಕ್ಕ 1,375ರ ಹತ್ತಿರ ಬರುತ್ತದೆ. ಕೂತು ಮಾಡುವ ಕೆಲಸವಾದ್ದರಿಂದ ಅದನ್ನು 1.2ರಿಂದ ಗುಣಿಸಿದರೆ ದಿನದ ಒಟ್ಟು ಖರ್ಚು 1,650 ಕ್ಯಾಲೊರಿ.

ಈಗ 35 ವರ್ಷದ, 175 ಸೆಂ.ಮೀ. ಎತ್ತರದ, 85 ಕೆ.ಜಿ. ತೂಗುವ ಒಬ್ಬ ಗಂಡಸನ್ನು ತೆಗೆದುಕೊಳ್ಳಿ. ಸ್ವಲ್ಪ ಓಡಾಟವೂ ಇದೆ. ಅವರ ಖರ್ಚು 2,440ರ ಹತ್ತಿರ. ಅವರು 500 ಬಿಟ್ಟರೆ ಐದರಲ್ಲಿ ಒಂದು ಪಾಲು ಬಿಟ್ಟಂತೆ. ಇನ್ನೂ 1,900ಕ್ಕೂ ಜಾಸ್ತಿ ತಿನ್ನಲು ಉಳಿಯುತ್ತದೆ. ನೀವು ಅದೇ 500 ಬಿಟ್ಟರೆ ಹತ್ತರಲ್ಲಿ ಮೂರು ಪಾಲು ಹೋಯಿತು. ಅದೇ ಸಂಖ್ಯೆ, ಆದರೆ ಹೊರೆ ಒಂದೂವರೆ ಪಟ್ಟು. ಹಾಗಾಗಿ ಕಡಿತವನ್ನು ನಿಮ್ಮ ಖರ್ಚಿನ ಶೇಕಡಾ 15ರಿಂದ 20 ಅಂತ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ನಮ್ಮಲ್ಲಿ ಎತ್ತರ ಕಡಿಮೆ ಇರುವ, ಮನೆ ಮತ್ತು ಆಫೀಸು ಬಿಟ್ಟರೆ ಹೆಚ್ಚು ನಡೆಯದ ಹೆಂಗಸರು ತುಂಬಾ ಜನ ಇದ್ದಾರೆ. ಅವರಿಗೆಲ್ಲ 500ರ ಲೆಕ್ಕ ಹೇಳುವುದು ಸರಿಯಲ್ಲ.

ಸಂಖ್ಯೆಗಿಂತ ಪಾಲು ಮುಖ್ಯ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಸಾಕ್ಷಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಯುದ್ಧದಿಂದ ಹಸಿದಿದ್ದ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯುವುದು ಉದ್ದೇಶ. ಆ ಯುವಕರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಇವತ್ತಿನ ಡಯಟ್ ಚಾರ್ಟ್‌ಗಳ ಪಕ್ಕದಲ್ಲಿಟ್ಟು ನೋಡಿದರೆ ಇದೇನು ಕಡಿಮೆಯಲ್ಲ ಅನ್ನಿಸುತ್ತದೆ. ಆದರೆ ಅದಕ್ಕೂ ಮುಂಚೆ ಅವರು ತಿನ್ನುತ್ತಿದ್ದದ್ದು 3,200ರ ಹತ್ತಿರ, ಅಂದರೆ ಅರ್ಧದಷ್ಟು ಕಡಿತ. ತೂಕ ಕಾಲು ಭಾಗ ಇಳಿಯಿತು. ಜೊತೆಗೆ ಸದಾ ಚಳಿ, ಸುಸ್ತು, ಮಂಕು, ಸಿಟ್ಟು. ಹಗಲು ರಾತ್ರಿ ಊಟದ್ದೇ ಯೋಚನೆ. ಅವರೆಲ್ಲ ತಾವಾಗಿಯೇ ಮುಂದೆ ಬಂದ, ಗಟ್ಟಿ ಮನಸ್ಸಿನವರು. ನಿಮ್ಮ ಸಂಜೆಯ ಸಿಡುಕಿಗೂ ಹಸಿದ ಮೈಯೇ ಕಾರಣ ಇರಬಹುದು.

ತಲೆಸುತ್ತನ್ನು ಮಾತ್ರ ಬರೀ ಹಸಿವು ಅಂತ ತಳ್ಳಿಹಾಕಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಒಂದು ಸಲ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಬಿಡಿ.

ಇನ್ನು ವಾರಕ್ಕೆ ಅರ್ಧ ಕೆ.ಜಿ. ಅನ್ನುವ ಮಾತು. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500ರಂತೆ ವಾರಕ್ಕೆ 3,500, ಅಲ್ಲಿಗೆ ಅರ್ಧ ಕೆ.ಜಿ.ಗೆ ಹತ್ತಿರ ಬಂತು. ಮೊದಲ ಕೆಲವು ವಾರ ಈ ಲೆಕ್ಕ ಹೆಚ್ಚುಕಮ್ಮಿ ನಡೆಯುತ್ತದೆ. ಆಮೇಲೆ ನಡೆಯುವುದಿಲ್ಲ. ತೂಕ ಇಳಿದಂತೆ ಮೈಯ ಖರ್ಚೂ ಇಳಿಯುತ್ತದೆ, ಅದೇ ಊಟದಲ್ಲಿ ಕಡಿತದ ಪಾಲು ಸಣ್ಣದಾಗುತ್ತಾ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೊಂದು ವಾಸ್ತವಕ್ಕೆ ಹತ್ತಿರದ ಲೆಕ್ಕ ಕೊಟ್ಟರು. ದಿನಕ್ಕೆ 24 ಕ್ಯಾಲೊರಿಯನ್ನು ಶಾಶ್ವತವಾಗಿ ಬಿಟ್ಟರೆ ಕೊನೆಗೆ ಒಂದು ಕೆ.ಜಿ. ಇಳಿಯುತ್ತದೆ, ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ ಬೇಕು. ದಿನಕ್ಕೆ 300 ಬಿಟ್ಟವರಿಗೆ ಹಳೆಯ ಲೆಕ್ಕ ವರ್ಷಕ್ಕೆ 14 ಕೆ.ಜಿ. ಆಸೆ ತೋರಿಸುತ್ತದೆ. ಹಾಲ್ ಅವರ ಲೆಕ್ಕದಲ್ಲಿ ಅದು ಮೊದಲ ವರ್ಷ 6 ಕೆ.ಜಿ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಜನ ಅಪಾಯದ ಮಟ್ಟಕ್ಕೆ ಇಳಿಯುವುದೇ ಇಲ್ಲಿ. ಎರಡು ತಿಂಗಳಾದ ಮೇಲೆ ತೂಕ ನಿಧಾನವಾಗುತ್ತದೆ. ನಾನೇನೋ ತಪ್ಪು ಮಾಡುತ್ತಿದ್ದೇನೆ ಅಂದುಕೊಂಡು ರಾತ್ರಿ ಊಟವನ್ನೂ ಬಿಡುತ್ತಾರೆ. ನೀವು ಊಟದಲ್ಲಿ 300, ನಡಿಗೆಯಲ್ಲಿ 100 ಹಿಡಿದರೆ ನಾಲ್ಕು ತಿಂಗಳಿಗೆ 3 ಕೆ.ಜಿ. ಚಿಲ್ಲರೆ ಇಳಿದೀತು. ಅದು ನಿಮ್ಮ ತೂಕದ ಶೇಕಡಾ 5ರ ಹತ್ತಿರ. ಅಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬಿನಲ್ಲಿ ಒಳ್ಳೆಯ ಬದಲಾವಣೆ ಕಾಣಲು ಶುರುವಾಗುತ್ತದೆ.

1,350ಕ್ಕಿಂತ ಕೆಳಗೆ ಯಾಕೆ ಬೇಡ ಅನ್ನುವುದನ್ನು ತಟ್ಟೆಯ ಮೇಲೆ ಇಟ್ಟು ನೋಡೋಣ. ನೀವು ಸಸ್ಯಾಹಾರಿ ಅಂತಲೇ ಇಟ್ಟುಕೊಳ್ಳಿ. ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯಲು ದಿನಕ್ಕೆ 55–60 ಗ್ರಾಂ ಪ್ರೋಟೀನ್ ಬೇಕು. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ ಬೇಯಿಸುವ ಮುಂಚೆ 150 ಗ್ರಾಂ, ಅಂದರೆ 510 ಕ್ಯಾಲೊರಿ. ಬೇಳೆ, ಕಾಳು 60 ಗ್ರಾಂ, 200 ಕ್ಯಾಲೊರಿ. ಹಾಲು, ಮೊಸರು ಸೇರಿ 300 ಮಿ.ಲೀ., 180. ಸೋಯಾ ಚಂಕ್ಸ್ 25 ಗ್ರಾಂ, 85. ಕಡಲೆಕಾಯಿ ಬೀಜ 20 ಗ್ರಾಂ, 110. ಇಷ್ಟರಲ್ಲಿ 55 ಗ್ರಾಂ ಪ್ರೋಟೀನ್ ಬಂತು, ಕ್ಯಾಲೊರಿ 1,085 ಆಯಿತು. ಒಗ್ಗರಣೆಗೆ, ದೋಸೆಗೆ ಮೂರು ಟೀ ಚಮಚ ಎಣ್ಣೆ ಹಾಕಿದರೆ 1,220. ಪಲ್ಯಕ್ಕೆ ತರಕಾರಿ, ಸೊಪ್ಪು, ಒಂದು ಹಣ್ಣು ಸೇರಿದರೆ 1,350 ಮುಟ್ಟುತ್ತದೆ. ಇದನ್ನೇ 1,000ಕ್ಕೆ ಇಳಿಸಬೇಕು ಅಂದರೆ ಏನು ತೆಗೆಯುತ್ತೀರಿ? ಸಾಮಾನ್ಯವಾಗಿ ಜನ ತೆಗೆಯುವುದು ಹಾಲು, ಬೀಜ, ಬೇಳೆಯನ್ನೇ. ಸಾರು ತಿಳಿಯಾಗುತ್ತದೆ, ಮಜ್ಜಿಗೆ ನೀರಾಗುತ್ತದೆ. ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಎಲ್ಲಕ್ಕೂ ಕತ್ತರಿ ಬೀಳುತ್ತದೆ. ಮೊಟ್ಟೆ ತಿನ್ನುವವರಿಗೆ ಸ್ವಲ್ಪ ಸಲೀಸು, ಒಂದರಲ್ಲಿ 6 ಗ್ರಾಂ ಪ್ರೋಟೀನ್, 70–75 ಕ್ಯಾಲೊರಿ.

ವೈದ್ಯಕೀಯ ಮಾರ್ಗಸೂಚಿಗಳಲ್ಲೂ ತೂಕ ಇಳಿಸುವ ಹೆಂಗಸರಿಗೆ ಸಾಮಾನ್ಯವಾಗಿ ಹೇಳುವುದು 1,200ರಿಂದ 1,500. ಗಂಡಸರಿಗೆ 1,500ರಿಂದ 1,800. ದಿನಕ್ಕೆ 800ಕ್ಕಿಂತ ಕಡಿಮೆಯ ಡಯಟ್ ಅಂತೂ ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕಾದದ್ದು.

ಹಾಗಾದರೆ 300 ಎಲ್ಲಿಂದ ಬಿಡಬೇಕು? ಮೊದಲು ಎಣ್ಣೆಯ ಪ್ಯಾಕೆಟ್ ನೋಡಿ. ಒಂದೊಂದು ಚಮಚ ಅಳೆಯುವುದಕ್ಕಿಂತ ತಿಂಗಳಿಗೆ ಮನೆಗೆ ಎಷ್ಟು ಲೀಟರ್ ತರುತ್ತೀರಿ ಅಂತ ಲೆಕ್ಕ ಇಡುವುದು ಸುಲಭ. ನಾಲ್ಕು ಜನರಿಗೆ ನಾಲ್ಕು ಲೀಟರ್ ಅಂದರೆ ತಲೆಗೆ ದಿನಕ್ಕೆ 275 ಕ್ಯಾಲೊರಿ ಬರೀ ಎಣ್ಣೆಯಿಂದ. ಮೂರು ಲೀಟರಿಗೆ ತಂದರೆ ಮನೆಯವರೆಲ್ಲರಿಗೂ ದಿನಕ್ಕೆ 70 ಉಳಿಯಿತು, ಯಾರಿಗೂ ಹಸಿವಾಗಲಿಲ್ಲ. ಇಲ್ಲಿ ತುಪ್ಪವನ್ನೂ ಮರೆಯಬೇಡಿ. ದಿನಕ್ಕೆ ಮೂರು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿದರೆ 120 ಕ್ಯಾಲೊರಿ, ಅದನ್ನು ಅರ್ಧ ಮಾಡಿದರೆ 60. ಸಂಜೆ ಐದಕ್ಕೆ ಚಹಾ ಜೊತೆ ಎರಡು ಹಿಡಿ ಖಾರ ಮಿಕ್ಸ್‌ಚರ್ ಹೋಗುತ್ತದಲ್ವಾ? 50 ಗ್ರಾಂನಲ್ಲಿ 250ಕ್ಕೂ ಜಾಸ್ತಿ ಇರುತ್ತದೆ. ಅದರ ಬದಲು ಹುರಿಗಡಲೆಯೋ ಹೆಸರುಕಾಳಿನ ಉಸಲಿಯೋ ತಿಂದರೆ ಕ್ಯಾಲೊರಿ ಅರ್ಧಕ್ಕೆ ಇಳಿಯುತ್ತದೆ, ಪ್ರೋಟೀನೂ ಸಿಗುತ್ತದೆ. ಅಲ್ಲಿಗೆ 300ಕ್ಕೆ ಹತ್ತಿರ ಬಂದೆವು. ಅನ್ನದ ಪಾತ್ರೆಗೆ ಇನ್ನೂ ಕೈ ಹಾಕಿಯೇ ಇಲ್ಲ.

ಅನ್ನ ಬಿಟ್ಟು ಮುದ್ದೆ ತಿಂದರೆ ಸಣ್ಣಗಾಗುತ್ತಾರೆ ಅಂತ ಎಷ್ಟೋ ಜನ ನಂಬಿದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ 350. ವ್ಯತ್ಯಾಸ ಕಡಿಮೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಹೊಟ್ಟೆ ತುಂಬಿದ ಹಾಗಿರುತ್ತದೆ. ಅದಕ್ಕಾಗಿ ಖಂಡಿತ ತಿನ್ನಿ, ಆದರೆ ಮುದ್ದೆಯ ಗಾತ್ರ ನೋಡಿಕೊಳ್ಳಿ. ಸೋಮವಾರ, ಶನಿವಾರ ಒಪ್ಪತ್ತು ಮಾಡುವ ರೂಢಿ ಇದ್ದರೆ ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಇಡಿ. ನಿಮ್ಮ ವಾರದ ಮೊತ್ತ 9,450. ಒಪ್ಪತ್ತಿನ ದಿನ ಕಡಿಮೆ ತಿಂದದ್ದನ್ನು ಉಳಿದ ದಿನಗಳಿಗೆ ಸ್ವಲ್ಪ ಸ್ವಲ್ಪ ಹಂಚಿ. ಒಪ್ಪತ್ತೂ ಮಾಡಿ, ಮಿಕ್ಕ ದಿನಗಳಲ್ಲೂ 1,150ಕ್ಕೆ ನಿಲ್ಲಿಸಿದರೆ ಮೈ ಸೋಲುತ್ತದೆ.

ನಡಿಗೆ ದಿನಕ್ಕೆ ಎರಡೂವರೆ ಕಿ.ಮೀ. ಸಾಕು, 100 ಕ್ಯಾಲೊರಿಗೆ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು. ಜಿಮ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ ನೋಡಿ. ಒಂದು ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ, ವಾರದ ಸರಾಸರಿ ಹಿಡಿಯಿರಿ. ಮುಟ್ಟಿನ ಮುಂಚೆ, ಉಪ್ಪು ಜಾಸ್ತಿ ತಿಂದ ಮರುದಿನ ಮೈ ನೀರು ಹಿಡಿದು ಒಂದು ಕೆ.ಜಿ. ಏರಬಹುದು. ಮೊದಲ ವಾರ ಒಂದೂವರೆ ಕೆ.ಜಿ. ಇಳಿದರೂ ಅದರಲ್ಲಿ ಹೆಚ್ಚಿನದು ನೀರೇ. ಸೂತ್ರದ 1,650 ಕೂಡ ಅಂದಾಜು. ನಾಲ್ಕು ವಾರ ಸರಿಯಾಗಿ ಮಾಡಿಯೂ ಸರಾಸರಿ ಅಲುಗಾಡದಿದ್ದರೆ ಅಳತೆಗಳನ್ನು ಮತ್ತೊಮ್ಮೆ ನೋಡಿ, ಬೇಕಾದರೆ ಇನ್ನೊಂದು 100 ಮಾತ್ರ ಕಡಿಮೆ ಮಾಡಿ. ತದ್ವಿರುದ್ಧವಾಗಿ, ವಾರಕ್ಕೆ ಒಂದು ಕೆ.ಜಿ.ಗಿಂತ ಜಾಸ್ತಿ ಇಳಿಯುತ್ತಲೇ ಇದ್ದರೆ ಊಟ ಹೆಚ್ಚಿಸಿ. ತುಂಬಾ ಬೇಗ ತೂಕ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಜಾಸ್ತಿ. ಮುಟ್ಟು ಏರುಪೇರಾದರೆ, ಸದಾ ಚಳಿಯಾದರೆ, ನಿದ್ದೆ ಕೆಟ್ಟರೆ ಅದೂ ಕಡಿತ ಜಾಸ್ತಿಯಾದ ಲಕ್ಷಣ. ಕೂದಲು ಮಾತ್ರ ತಕ್ಷಣ ಉದುರುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಉದುರುತ್ತದೆ. ಹಾಗಾಗಿ ಶಾಂಪೂ ಬದಲಿಸುತ್ತಾ ಕೂರುವವರಿಗೆ ಹಿಂದಿನ ಡಯಟ್ ನೆನಪಿಗೇ ಬರುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಭಾರತೀಯರಿಗೆ ಬಿ.ಎಂ.ಐ. (ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮೀರಬಾರದು. ಇದರೊಳಗೆ ಇರುವವರಿಗೆ ಕ್ಯಾಲೊರಿ ಕಡಿತ ಬೇಕಿಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ಕಾಯಿಲೆ ಇರುವವರು ತಾವಾಗಿಯೇ ಶುರು ಮಾಡಬಾರದು.

ನಿಮ್ಮ ಅತ್ತೆಯವರು ಎಣ್ಣೆ, ಸಕ್ಕರೆ ಕಡಿಮೆ ಮಾಡಲಿ, ನಿಮ್ಮ ಜೊತೆ ನಡೆಯಲಿ. ಊಟದ ಅಳತೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಇಳಿಸುವುದು ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಎದೆ ಡವಡವ, ಗಲಿಬಿಲಿ ಕಂಡರೆ, ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಇದ್ದರೆ ಅನ್ನ, ರೊಟ್ಟಿ ಪೂರ್ತಿ ಬಿಡುವುದು ಇನ್ನೊಂದು ತೊಂದರೆ, ರಕ್ತದಲ್ಲಿ ಆಮ್ಲ ಏರಬಹುದು. ಬಿ.ಪಿ. ಮಾತ್ರೆಯ ಡೋಸ್ ಕೂಡ ತೂಕ ಇಳಿದಂತೆ ಬದಲಾಯಿಸಬೇಕಾಗಬಹುದು. ಅವರು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಹಿಡಿದು ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ನಿಮ್ಮ ರಕ್ತ ಪರೀಕ್ಷೆಯನ್ನೂ ಆಗಲೇ ಬರೆಸಿಕೊಳ್ಳಬಹುದು.